ಒಂದು ಕಾಲಿನ ಲಾಳ ಕಳಕೊಂಡ ಪ್ರಾಣಿ

ಮಕ್ಕಳಿಗೆ ಕಾಡುಪ್ರಾಣಿಗಳ ಪರಿಚಯ ಮಾಡಿಸುವ ಕೆಲಸದಲ್ಲಿ ಇರುವವನಿಗೆ ನಗು ಹುಡುಕಿಕೊಂಡು ಹೋಗುವ ತ್ರಾಸಿಲ್ಲ. ಅದು ಮುಂಜಾನೆ ಶಾಲೆಯ ಗಾಡಿಯಲ್ಲಿ ಕೂತು, ಕಿಡಕಿಯಿಂದ ಕೈ ಹೊರಗೆ ಹಾಕಿಕೊಂಡು, ತಾನೇ ಬರುತ್ತದೆ. ಸಂಜೆ ಅದೇ ಗಾಡಿ ಹತ್ತಿ ಹೋಗಿಯೂ ಬಿಡುತ್ತದೆ. ಆಮೇಲೆ ಉಳಿಯುವುದು ನಾನು, ಹುಲ್ಲು, ಗಾಳಿ, ಮತ್ತು ಯಾರೋ ಮರೆತು ಹೋದ ಒಂದು ನೀರಿನ ಬಾಟ್ಲಿ.

ನಮ್ಮ ಕೇಂದ್ರ ಇರುವುದು ನವಲಗುಂದದ ಕಡೆಯ ಎರಿ ಸೀಮೆಯಲ್ಲಿ. ಕಣ್ಣು ಹೋದಷ್ಟು ದೂರ ಎರಿ ಮಣ್ಣಿನ ಕಪ್ಪು ಹೊಲ. ನಡುವೆ ಯಾರೂ ಉಳದೆ ಉಳಿಸಿದ ಒಂದು ತುಂಡು ಹುಲ್ಲುಗಾವಲು. ಅದರಲ್ಲಿ ಚಿಗರಿಗಳು, ಪುಸ್ತಕದಲ್ಲಿ ಕೃಷ್ಣಮೃಗ ಅಂತ ಬರೆಯುತ್ತಾರಲ್ಲ, ಅವೇ. ಹುಲ್ಲಿನ ಅಂಚಿಗೆ ಒಂದು ದೊಡ್ಡ ಹಾಲ್, ಮುಂದೆ ಪಡಸಾಲೆ, ಬಾಜೂಕ್ಕೆ ಅಡಿಗೆಮನೆ, ಹಿಂದುಗಡೆ ಬಾಗಿಲಿಲ್ಲದ ಒಂದು ಖೋಲಿ.

ಇನ್ನು ನಾನು. ಐದನೇ ಇಯತ್ತೆಯಲ್ಲಿ ಮಾಸ್ತರರು ನನ್ನನ್ನು ಕಿಡಕಿಯ ಬಾಜೂ ಕೂಡ್ರಿಸಿದರು. ಅಲ್ಲಿಂದ ರಸ್ತೆ ಕಾಣುತ್ತಿತ್ತು. ನನ್ನ ಶಿಕ್ಷಣದ ಕಥೆ ಇಷ್ಟೇ. ಆಮೇಲೆ ಲಾರಿಯಲ್ಲಿ ಕ್ಲೀನರ್ ಆದೆ, ಬೆಳಗಾವಿಯ ಬೇಕರಿಯಲ್ಲಿ ಬ್ರೆಡ್ಡು ಸುಟ್ಟೆ, ನಾಟಕ ಕಂಪನಿಯಲ್ಲಿ ಪರದೆ ಎಳೆದೆ, ಕುರಿಗಾರರ ಹಿಂದೆ ಕೃಷ್ಣೆಯ ತನಕ ನಡೆದೆ. ಎಲ್ಲಿಯೂ ಎರಡನೆಯ ಹೋಳಿಯ ಬಣ್ಣ ನನ್ನ ಮೈಗೆ ಹತ್ತಲಿಲ್ಲ. ಇಲ್ಲಿಗೂ ಬಂದದ್ದು ಬೇಲಿಯ ಕಂಬ ನಿಲ್ಲಿಸಲಿಕ್ಕೆ. ತಗ್ಗು ತೋಡುತ್ತಿದ್ದಾಗ ಮಕ್ಕಳು ಸುತ್ತ ನಿಂತು, "ಇದ್ಯಾವ ಹುಳಾರಿ? ಇದ್ಯಾವ ಹಕ್ಕಿರಿ?" ಅಂತ ಕೇಳಿದರು. ನನಗೆ ಗೊತ್ತಿದ್ದದ್ದು ಹೇಳಿದೆ, ಗೊತ್ತಿಲ್ಲದ್ದಕ್ಕೆ ಅವರಿಂದಲೇ ಹೆಸರಿಡಿಸಿದೆ. ಕೇಂದ್ರದ ಸಾಹೇಬರು ದೂರದಿಂದ ನೋಡಿದರು. ಮರುದಿನ ನನ್ನ ಕೈಯೊಳಗಿನ ಹಾರೆ ಹೋಗಿ ದುರ್ಬೀನು ಬಂತು. ಮಕ್ಕಳು "ಚಿಗರಿ ಕಾಕಾ" ಅನ್ನತೊಡಗಿದರು.

ಈ ವರ್ಷದ್ದು ಇಲ್ಲಿ ನನ್ನ ಎರಡನೆಯ ಹೋಳಿ ಆಗುವುದಿತ್ತು. ಸಾಹೇಬರಿಗೆ ಎಲ್ಲಿಯೂ ನಿಲ್ಲದ ನನ್ನ ಕಾಲಿನ ಸುದ್ದಿ ಗೊತ್ತು. ಸಂಕ್ರಾಂತಿಯ ಹೊತ್ತಿಗೇ ಕರೆದು ಹೇಳಿದರು: "ನೋಡಪಾ, ಹೋಳಿ ಹುಣ್ಣಿವಿ ಮರುದಿನ ಹೇಳು, ಇರ್ತೀಯೋ ಹೋಗ್ತೀಯೋ. ಇರ್ತೀನಂದ್ರ ಆ ಹಿಂದಿನ ಖೋಲಿ ನಿಂದು, ಬಾಗಲಾ ಹಚ್ಚಿಸಿ ಕೊಡ್ತೀನಿ. ಹೋಗ್ತೀನಂದ್ರ ನಾ ಬ್ಯಾರೇದವ್ನ ನೋಡಬೇಕು. ಹೇಳದ ಕೇಳದ ಮಾತ್ರ ಹೋಗಬ್ಯಾಡ."

ಬಾಗಿಲಿರುವ ಖೋಲಿ! ನನಗೆ ಅವತ್ತು ನಿದ್ದೆಯೇ ಬರಲಿಲ್ಲ. ಬೇಕು ಅನಿಸಿತೋ, ಅಂಜಿಕೆ ಆಯಿತೋ, ಈಗಲೂ ಹೇಳಲಾರೆ.

ಹೊಲ ಕಾಯುವವರು

ಶಲವಡಿಯ ಕಡೆಯಿಂದ ಒಂದು ವರ್ಗದ ಮಕ್ಕಳು ಬಂದಿದ್ದರು. ಹುಲ್ಲಿಗೆ ಇಳಿಯುವ ಮೊದಲು ನಿಯಮ ಹೇಳಿದೆ: ಮಾತಿಲ್ಲ, ಕೆಮ್ಮಿಲ್ಲ, ಚಿಪ್ಸಿನ ಪಾಕೀಟು ಮುಟ್ಟುವಂತಿಲ್ಲ.

ಎರಡು ಜಡೆಯ ಒಬ್ಬ ಹುಡುಗಿ ಕೈ ಎತ್ತಿದಳು. "ಕಾಕಾ, ಉಸರರೆ ಬಿಡಬಹುದೇನ್ರಿ?"

"ಬಿಡವಾ. ಆದ್ರ ಮೆಲ್ಲಕ ಬಿಡು."

ಅಂಥ ಮಕ್ಕಳನ್ನು ನಾನು ನೋಡಿಲ್ಲ. ಹೊಟ್ಟೆಯ ಮೇಲೆ ಹುಲ್ಲಿನಲ್ಲಿ ಮಲಗಿ, ಹಲ್ಲಿಗಳ ಹಾಗೆ ತೆವಳಿಕೊಂಡು ಬಂದರು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಸ್ವಲ್ಪ ಹೊತ್ತಿಗೆ ಚಿಗರಿಗಳ ಹಿಂಡು ತಾನೇ ಎದುರಿಗೆ ಬಂತು. ಮುಂದೆ ಕಪ್ಪು ಗಂಡು, ತಿರುವು ತಿರುವಿನ ಕೋಡು, ಹಿಂದೆ ಹೆಣ್ಣುಗಳು, ನಡುವೆ ಒಂದು ಮರಿ. ಅದರ ಕಿವಿ ನೊಣ ಝಾಡಿಸುವುದೂ ಕಾಣುವಷ್ಟು ಸಮೀಪ. ನಾನು ಎಷ್ಟೋ ಊರು ತಿರುಗಿದ್ದೇನೆ, ಎಷ್ಟೋ ಚಂದದ್ದು ನೋಡಿದ್ದೇನೆ, ಎಲ್ಲಾ ಒಬ್ಬನೇ. ಬಾಜೂಕ್ಕೆ ಇನ್ನೊಂದು ಜೀವ ಅದನ್ನೇ ನೋಡುತ್ತ ಉಸಿರು ಬಿಗಿಹಿಡಿದದ್ದು ಅವತ್ತೇ ಮೊದಲು ಕೇಳಿಸಿಕೊಂಡೆ.

ಅಷ್ಟರಲ್ಲಿ ಆ ಮರಿ ಬಗ್ಗಿ ಹುಲ್ಲಿಗೆ ಬಾಯಿ ಹಾಕಿತು.

ಮುಗಿಯಿತು. ಇಡೀ ವರ್ಗ ಒಂದೇ ಗಂಟಲಾಗಿ ಎದ್ದು ನಿಂತಿತು. "ಹೋಯ್! ಹೋಯ್! ಹೋಯ್!" ಅಂತ ಚಪ್ಪಾಳೆ. ಒಬ್ಬನಂತೂ ಊಟದ ಡಬ್ಬಿಯ ಮೇಲೆ ಚಮಚೆಯಿಂದ ಬಾರಿಸತೊಡಗಿದ. ಇನ್ನೊಬ್ಬ ಮಣ್ಣಿನ ಹೆಂಟೆ ಎತ್ತಿದ್ದ, ಅವನ ಕೈ ನಾನು ಹಿಡಿದುಕೊಂಡೆ. ಚಿಗರಿಗಳು ಗಾಳಿಯಲ್ಲಿ ಜಿಗಿಜಿಗಿದು ಆಕಾಶದ ಅಂಚಿಗೆ ಹೋಗಿ ಚುಕ್ಕಿಗಳಾದವು.

"ಏನ್ ಮಾಡಿದ್ರಲೇ!" ಅಂದೆ.

ಅವರು ತೇಕುತ್ತಿದ್ದರು, ಮುಖ ಮಾತ್ರ ಹಬ್ಬದ ದಿನದ ಹಾಗೆ. "ಬಾಯಿ ಹಾಕಿತ್ರಿ ಅದು! ನೋಡಲಿಲ್ಲೇನ್ರಿ?"

ಆಗ ನನಗೆ ಹೊಳೆಯಿತು. ಹೆಸರುಕಾಳಿನ ಬೆಳೆ ಮೊಳೆತರೆ ಸಾಕು, ಈ ಊರುಗಳ ಮಕ್ಕಳು ಚಿಗರಿ ಬೆದರಿಸಲಿಕ್ಕೆ ಹೊಲಕ್ಕೆ ಹೋಗುತ್ತಾರೆ. ಅವರ ಕೈ, ಗಂಟಲು ಅದನ್ನು ತಾವಾಗಿಯೇ ಮಾಡಿಬಿಡುತ್ತವೆ. ನನ್ನ ಮುಖ ಇಳಿದದ್ದು ನೋಡಿ ಎರಡು ಜಡೆಯವಳು ಕೇಳಿದಳು: "ಇನ್ನೊಮ್ಮೆ ಬಂದ್ರ ತೋರಸ್ತೀರೇನ್ರಿ?"

"ಹೋಳಿ ಆದ ಮ್ಯಾಲ ಬರ್ರಿ."

"ಅವಾಗ ನೀವ ಇರ್ತೀರಿಲ್ರಿ?"

"ಇರ್ತೀನಿ" ಅಂದೆ. ಬಾಯಿಯಿಂದ ಬಂದುಬಿಟ್ಟಿತು. ಆ ಮಾತು ನಾನು ಜನ್ಮದಲ್ಲಿ ಯಾರಿಗೂ ಅಂದವನಲ್ಲ. ಅವಳು ಸಮಾಧಾನವಾಗಿ ನನ್ನ ಅಂಗಿಯ ತೋಳು ಜಗ್ಗಿದಳು.

"ಕಾಕಾ, ಚಿಂತಿ ಮಾಡಬ್ಯಾಡ್ರಿ. ನಿಮ್ಮ ಹುಲ್ಲಿಂದು ಒಂದ ಎಸಳೂ ಹೋಗಗೊಟ್ಟಿಲ್ಲ ನಾವು."

ಬೆಚ್ಚಗಿನ ಪ್ರಾಣಿ

ಹಾಲ್‌ನಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ ಇದೆ. ಎರಡೂ ಮಗ್ಗಲಿಗೆ ಕೈ ತೂರುವಷ್ಟು ತೂತು, ತೂತಿಗೆ ಅರಿವೆಯ ಪರದೆ. ಒಳಗೆ ಮುಳ್ಳಹಂದಿಯ ಮುಳ್ಳು, ಹಾವಿನ ಪೊರೆ, ಉದುರಿದ ಗರಿ ಇಂಥದ್ದೇನಾದರೂ ಇಟ್ಟಿರುತ್ತೇನೆ. ಕಣ್ಣಿಲ್ಲದೆ ಕೈಯಿಂದಲೇ ಮುಟ್ಟಿ ಹೇಳಬೇಕು.

ಅವತ್ತು ಒಂದೇ ಹೊತ್ತಿಗೆ ಎರಡು ಊರಿನ ಮಕ್ಕಳು ಬಂದರು. ಒಂದು ಗಾಡಿ ಯಮನೂರಿನದು. ಇನ್ನೊಂದು ಮಿಶ್ರಿಕೋಟಿಯದು. ಮಿಶ್ರಿಕೋಟಿಯವರು ಭತ್ತದ ಸೀಮೆಯವರು, ಗುಡ್ಡ, ಗಿಡಗಂಟಿ ಕಂಡವರು. ಗಾಡಿ ಇಳಿದ ಕೂಡಲೇ ಅವರಲ್ಲೊಬ್ಬ ನಾಲ್ಕೂ ದಿಕ್ಕು ನೋಡಿ, "ಇಲ್ಲಿ ಗುಡ್ಡಾ ಯಾರ ತಗದ್ರಿ?" ಅಂತ ಕೇಳಿದ್ದ.

ಗದ್ದಲದಲ್ಲಿ ನಾನು ಪೆಟ್ಟಿಗೆಗೆ ಏನೂ ಹಾಕಿರಲಿಲ್ಲ. ಯಮನೂರಿನ ಒಬ್ಬ ಹುಡುಗಿ ಈ ಕಡೆಯಿಂದ ಕೈ ತೂರಿದಳು. ಆ ಕಡೆಯಿಂದ ಮಿಶ್ರಿಕೋಟಿಯ ಹುಡುಗಿ ತೂರಿದಳು. ಪೆಟ್ಟಿಗೆ ಎತ್ತರದ್ದು, ಒಬ್ಬರಿಗೊಬ್ಬರು ಕಾಣುವುದಿಲ್ಲ.

ಯಮನೂರಿನವಳು ಕೀರಿದಳು: "ಯವ್ವಾ! ಜೀವ ಐತ್ರಿ ಇದಕ್ಕ! ಹಿಡಕೊಂಡೈತ್ರಿ!"

ಆ ಕಡೆಯವಳೂ ಕೀರಿದಳು: "ಬಿಡವಲ್ತರಿ ಇದು!"

ಕೈ ಮಾತ್ರ ಇಬ್ಬರೂ ತೆಗೆಯಲಿಲ್ಲ. ನನಗೂ ಹುರುಪು ಬಂತು. "ಅಂಜಬ್ಯಾಡ್ರಿ. ಮುಟ್ಟಿ ಮುಟ್ಟಿ ಹೇಳ್ರಿ. ಹೆಂಗೈತಿ?"

"ಬೆಚ್ಚಗೈತ್ರಿ. ಮೆತ್ತಗೈತ್ರಿ. ಕೂದಲಿಲ್ಲ" ಅಂದಳು ಯಮನೂರಿನವಳು.

"ಆ ಕಡೆಯಿಂದ?"

"ಉಗರ ಉದ್ದ ಅದಾವ್ರಿ. ತೊಳದಿಲ್ಲ. ಬೆರಳಿಗೆ ಉಪ್ಪಿನಕಾಯಿ ಹತ್ತೈತ್ರಿ."

"ಹಂಗಾರ ಯಾವ ಪ್ರಾಣಿ?"

ಯಮನೂರಿನವಳು ಗಟ್ಟಿಯಾಗಿ ಹೇಳಿದಳು: "ಮಂಗ್ಯಾರಿ!"

ಮಿಶ್ರಿಕೋಟಿಯವಳು ಇನ್ನೂ ಗಟ್ಟಿಯಾಗಿ ಹೇಳಿದಳು: "ಕರಡಿರಿ!"

ಮೇಲಿನ ಹಲಗೆ ತೆಗೆದೆ. ಇಬ್ಬರೂ ಕೈ ನೋಡಿಕೊಂಡರು, ಮುಖ ನೋಡಿಕೊಂಡರು, ಬಿದ್ದು ಬಿದ್ದು ನಕ್ಕರು. ಊಟಕ್ಕೆ ಮಂಗ್ಯಾ, ಕರಡಿ ಬಾಜೂಬಾಜೂ ಕೂತು ಒಂದೇ ಉಪ್ಪಿನಕಾಯಿ ಹಂಚಿಕೊಂಡವು. ಸಂಜೆ ಗಾಡಿಗಳು ರಸ್ತೆಯಲ್ಲಿ ಒಂದು ಎಡಕ್ಕೆ, ಒಂದು ಬಲಕ್ಕೆ ತಿರುಗಿದಾಗ ಎರಡೂ ಕಿಡಕಿಗಳಿಂದ ಒಂದೊಂದು ಕೈ ಹೊರಗೆ ಬಂದು, ಧೂಳಿನಲ್ಲಿ ಕಾಣದಾಗುವ ತನಕ ಬೀಸುತ್ತಿದ್ದವು.

ಹಾಲ್ ಖಾಲಿಯಾಯಿತು. ಯಾಕೋ ನಾನು ಹೋಗಿ ಪೆಟ್ಟಿಗೆಯೊಳಗೆ ಕೈ ತೂರಿ ಸುಮ್ಮನೆ ನಿಂತೆ. ಬರೇ ಕಟ್ಟಿಗೆ, ತಣ್ಣಗೆ. ಸಾಹೇಬರು ಬಾಗಿಲಿನಲ್ಲಿ ನಿಂತದ್ದು ನೋಡಿರಲಿಲ್ಲ.

"ಏನರೆ ಸಿಕ್ತೇನೋ?" ಅಂದರು.

"ಇಲ್ರಿ."

"ಹುಡುಕು, ಹುಡುಕು. ಹೋದ ವಾರದಿಂದ ನನ್ನ ಕಣ್ಣಿನ ಚಾಳೀಸೂ ಸಿಗವಲ್ತು."

ತೋಳ ಕುರಿ ತಿಂದದ್ದು

ಮಣ್ಣಿನಲ್ಲಿ ಪ್ರಾಣಿ ಮಾಡಿಸಿದರೆ ಅದರ ಮೈಕಟ್ಟು ಮಕ್ಕಳ ಕೈಗೆ ತಿಳಿಯುತ್ತದೆ ಅಂತ ಸಾಹೇಬರ ವಿಚಾರ. ಎರಿ ಮಣ್ಣು ಹದ ಮಾಡಿ ಉಂಡೆ ಕೊಟ್ಟೆ. ಗೋಡೆಯ ಮೇಲಿನ ತೋಳದ ಚಿತ್ರ ತೋರಿಸಿದೆ. ಸಣಕಲ ನಡ, ಉದ್ದ ಕಾಲು, ಜೋತ ಬಾಲ, ಎಲ್ಲಾ ಬಿಡಿಸಿ ಹೇಳಿದೆ. "ಹೂಂ, ಮಾಡ್ರಿ" ಅಂದೆ.

ಒಂದು ಸುತ್ತು ಹಾಕಿ ಬಂದು ನೋಡುತ್ತೇನೆ, ಪಡಸಾಲೆಯ ತುಂಬ ಎತ್ತುಗಳು! ಪ್ರತಿಯೊಂದಕ್ಕೂ ಹೆಗಲ ಮೇಲೆ ಡುಬ್ಬ. ಅದೂ ಜೋಡಿ ಜೋಡಿಯಾಗಿ ನಿಂತಿವೆ, ಮುಂದೆ ಪುಟ್ಟ ಗೋದಲಿ, ಅದರಲ್ಲಿ ಹುಲ್ಲು. ವರ್ಷವರ್ಷ ಮಣ್ಣೆತ್ತಿನ ಅಮಾಸಿಗೆ ಈ ಕೈಗಳು ಮಾಡುವುದು ಅದನ್ನೇ. ಮಣ್ಣು ಮುಟ್ಟಿದರೆ ಬೆರಳು ಬೇರೆ ದಾರಿ ಹಿಡಿಯುವುದಿಲ್ಲ.

"ಇದು ತೋಳ ಏನಲೇ?" ಒಬ್ಬ ಹುಡುಗನಿಗೆ ಕೇಳಿದೆ.

"ಹೌದ್ರಿ."

"ತೋಳಕ್ಕ ಕೋಡು?"

"ಕೋಡಲ್ರಿ, ಕಿವಿ. ನೆಟ್ಟಗ ಮಾಡೇತಿ."

"ತೋಳದ ಮುಂದ ಹುಲ್ಲು?"

"ಹಸಿವ್ಯಾದ್ರ ಏನ ಮಾಡತೈತ್ರಿ ಪಾಪ."

"ಈ ಡುಬ್ಬ?"

ಅವನು ತೋಳದ ಕಡೆ ನೋಡಿದ, ನನ್ನ ಕಡೆ ನೋಡಿದ. "ಕುರಿ ತಿಂದೈತ್ರಿ. ಹೊಟ್ಟ್ಯಾಗ ಹಿಡೀಲಾರದ ಮ್ಯಾಲ ಬಂದೈತ್ರಿ."

ಅಷ್ಟರಲ್ಲಿ ಅಡಿಗೆ ಮಾಡುವ ಅವ್ವ ಹೊರಗೆ ಬಂದಳು. ಸಾಲಾಗಿ ನಿಂತ ಜೋಡಿಗಳನ್ನು ಕಂಡದ್ದೇ ಒಳಗೆ ಹೋಗಿ ಕುಂಕುಮ ತಂದು ಎಲ್ಲಾ ತೋಳಗಳಿಗೂ ಹಚ್ಚಿ, ಕೈ ಮುಗಿದಳು. "ಅವ್ವಾ, ಅವು ತೋಳ" ಅಂದೆ. "ಇರಲೇಳಪಾ, ಹೊಲಕ್ಕ ಬರಬ್ಯಾಡ್ರಿ ಅಂತ ಬೇಡಕೊಂಡೀನಿ" ಅಂದಳು.

ನಾನೇ ಮಾಡಿ ತೋರಿಸುತ್ತೇನೆ ಅಂತ ಕೂತೆ. ಮಣ್ಣು ಕೈಯಲ್ಲಿ ತಣ್ಣಗೆ ಆಡಿತು. ನಮ್ಮವ್ವ ಇದ್ದಾಗ, ಅಂಗಳದಲ್ಲಿ ಅವಳ ತೊಡೆಗೆ ಆತು ಕೂತು ನಾನು ಎತ್ತು ಮಾಡುತ್ತಿದ್ದೆ. ಕಣ್ಣಿಗೆ ಜೋಳದ ಕಾಳು ಒತ್ತುವುದು ಅವಳ ಕೆಲಸ. ಅವಳು ಹೋದ ಮೇಲೆ ನಾನು ಮಣ್ಣು ಮುಟ್ಟಿರಲಿಲ್ಲ. ಅದೇ ನೆನಪಿನಲ್ಲಿ ಎಷ್ಟು ಹೊತ್ತು ಕೂತೆನೋ, ಎಚ್ಚರಾದಾಗ ಮಕ್ಕಳು ನನ್ನ ಸುತ್ತ ಬಗ್ಗಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು.

ಆ ಹುಡುಗ ಬಹಳ ಮರ್ಯಾದೆಯಿಂದ ಕೇಳಿದ: "ಕಾಕಾ, ನಿಮ್ಮ ತೋಳಾನೂ ಕುರಿ ತಿಂದೈತೇನ್ರಿ?"

ಗಿಡಗನ ರೇಷನ್ ಕಾರ್ಡು

ಚಳಿಗಾಲಕ್ಕೆ ನಮ್ಮ ಹುಲ್ಲಿಗೆ ದೂರದ ಉತ್ತರ ದೇಶಗಳಿಂದ ಗಿಡಗಗಳು ಬರುತ್ತವೆ. ಹಗಲೆಲ್ಲಾ ಹುಲ್ಲಿನ ಮೇಲೆ ತೇಲುತ್ತ ಇಲಿ, ಮಿಡತೆ ಹಿಡಿಯುತ್ತವೆ, ಸಂಜೆ ಹುಲ್ಲಿನಲ್ಲೇ ಇಳಿದು ಮಲಗುತ್ತವೆ. ಬಿಸಿಲು ಚುರುಕಾದ ಕೂಡಲೇ ಒಂದೊಂದಾಗಿ ಎದ್ದು ಹೋಗಿಬಿಡುತ್ತವೆ. ಆ ದಿನಗಳಲ್ಲಿ ನನ್ನ ಅಂಗಾಲಿನಲ್ಲಿ ಇರುವೆ ಹರಿದಾಡಿದ ಹಾಗೆ ಆಗುತ್ತದೆ. ರಸ್ತೆಯಲ್ಲಿ ಲಾರಿ ಹಾರ್ನು ಹೊಡೆದರೆ ಸಾಕು, ಊಟದ ತಾಟಿನ ಮುಂದಿಂದ ಎದ್ದು ನಿಲ್ಲುತ್ತೇನೆ.

ಶಿವರಾತ್ರಿ ಕಳೆದಿತ್ತು. ಉಳಿದ ಒಂದೆರಡು ಗಿಡಗಗಳನ್ನು ದುರ್ಬೀನಿನಲ್ಲಿ ಮಕ್ಕಳಿಗೆ ತೋರಿಸುತ್ತಿದ್ದೆ. "ಇನ್ನ ಸ್ವಲ್ಪ ದಿವಸಕ್ಕ ಇವೂ ಹೋಗ್ತಾವು" ಅಂದೆ. ಧ್ವನಿ ಸ್ವಲ್ಪ ಸಣ್ಣಗಾಗಿರಬೇಕು.

ಒಬ್ಬ ಹುಡುಗ ದುರ್ಬೀನು ಬಿಡದೇ ಕೇಳಿದ: "ಇದರ ಊರು ಇಲ್ಲೈತೋ ಅಲ್ಲೈತೋ?"

"ಎರಡೂ ಕಡಿ ಐತಪಾ."

"ಅಲ್ಲಿ ಇರೋರು ಇದು ನಮ್ಮದು ಅಂತಾರ?"

"ಅಂತಾರ."

"ನಾವೂ ಅಂತೀವಿ?"

"ಅಂತೀವಿ."

ಅವನು ಗಿಡಗದ ಹಿಂದೆ ದುರ್ಬೀನು ಹೊರಳಿಸುತ್ತ ವಿಚಾರ ಮಾಡಿದ. ನಾನೂ ಮಾಡಿದೆ. ಎರಡು ಕಡೆ ನಮ್ಮದು ಅನಿಸಿಕೊಳ್ಳುವ ಹಕ್ಕಿಯ ನಸೀಬು ದೊಡ್ಡದು. ನನ್ನನ್ನು ನಮ್ಮವನು ಅನ್ನುವ ಒಂದು ಊರಾದರೂ ಇದ್ದರೆ ಅಂದುಕೊಳ್ಳುತ್ತಿದ್ದೆ. ಹುಡುಗ ದುರ್ಬೀನು ಕೆಳಗಿಳಿಸಿದ.

"ಅದೆಲ್ಲಾ ಖರೇರಿ ಕಾಕಾ. ರೇಷನ್ ಕಾರ್ಡು ಯಾವ ಊರಾಗೈತಿ ಅದನ್ನ ಹೇಳ್ರಿ."

ಹೆಜ್ಜೆ ಗುರುತು

ಹೋಳಿಯ ದಿನ ಅಡಿಗೆಯ ಅವ್ವ ನನ್ನ ಕೆನ್ನೆಗೆ ಬಣ್ಣ ಬಳಿದಳು. ಸಂಜೆಗೆ ಹೊತ್ತಲ್ಲದ ಹೊತ್ತಿನ ಮಳೆ ಬಂದು ಬಣ್ಣವನ್ನೆಲ್ಲ ತೊಳೆದು, ಹಾದಿಯನ್ನೆಲ್ಲ ರಾಡಿ ಮಾಡಿತು.

ಮರುದಿನ ಬೆಳಕು ಹರಿಯುತ್ತಿದ್ದಂತೆ ಚೀಲ ಹೆಗಲಿಗೆ ಹಾಕಿದೆ. ಹೇಳದೆ ಕೇಳದೆ ಹೋಗಬೇಡ ಅಂದಿದ್ದರು. ಹೇಳಿದರೆ ಹೋಗಲಿಕ್ಕಾಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಎರಿಯ ಹಾದಿಯಲ್ಲಿ ಪಚ್ ಪಚ್ ಅನ್ನುತ್ತ ನಡೆದೆ. ನಡುವೆ ಒಮ್ಮೆ ನಿಂತೆ. ಅವತ್ತು ಶಲವಡಿ ಕಡೆಯ ಮಕ್ಕಳು ಮತ್ತೆ ಬರುವವರಿದ್ದರು. ಹೊರಳಿ ನೋಡಿದೆ. ಮತ್ತೆ ನಡೆದೆ.

ಮೊದಲ ಬಸ್ಸು ಬಂತು. ಕಂಡಕ್ಟರ್ ಬಾಗಿಲು ತೆಗೆದು, "ಹತ್ರಿ ಲಗೂನ. ಎಲ್ಲಿಗೆ?" ಅಂದ.

ಎಲ್ಲಿಗೆ ಅಂತ ಕೇಳಿದರೆ ಜನ್ಮವಿಡೀ ನನ್ನ ಬಾಯಲ್ಲಿ ಒಂದು ಊರು ಸಿದ್ಧ ಇರುತ್ತಿತ್ತು. ಅವತ್ತು ಒಂದೂ ಬರಲಿಲ್ಲ. "ಇಲ್ರಿ, ಬಿಡಾಕ ಬಂದೀನಿ" ಅಂದೆ.

ಕಂಡಕ್ಟರ್ ನನ್ನ ಹಿಂದೆ ನೋಡಿದ, ಬಾಜೂ ನೋಡಿದ. ಆಕಾಶದ ತನಕ ಒಂದು ನರಪಿಳ್ಳೆ ಇಲ್ಲ. "ಯಾರನ್ನ?" ಅಂದ. ಸೀಟಿ ಊದಿ ಹೋದ.

ಹೊರಳಿ ಬರುವಾಗ ಎಡಗಾಲಿನ ಚಪ್ಪಲಿ ಎರಿಯಲ್ಲಿ ಹುಗಿದು ಉಳಿಯಿತು. ಕಿತ್ತುಕೊಳ್ಳಲು ನಿಲ್ಲಲಿಲ್ಲ, ಮಕ್ಕಳು ಬರುವುದರೊಳಗೆ ಮುಟ್ಟಬೇಕಿತ್ತು. ಪಡಸಾಲೆಯಲ್ಲಿ ಸಾಹೇಬರು ಚಹಾ ಹಿಡಿದು ನಿಂತಿದ್ದರು. ನನ್ನ ಹೆಗಲ ಮೇಲಿನ ಚೀಲ ನೋಡಿದರು.

ಆ ಹೊತ್ತಿಗೂ ನನ್ನ ಒಣ ಡೌಲು ಬಿಡಲಿಲ್ಲ. "ಹೊಂಟಿದ್ದೆ ಸಾಹೇಬ್ರ. ಹೋಗುವಾಗ ಚಪ್ಪಲಿ ಎರ್ಯಾಗ ಸಿಕ್ಕು ಬಸ್ಸು ತಪ್ಪಿತು. ಮಧ್ಯಾಹ್ನದ ಬಸ್ಸಿಗೆ ಹೋಗ್ತೀನಿ."

"ಆತು" ಅಂದರು. ಉಳಿದ ಚಹಾ ಅಂಗಳಕ್ಕೆ ಚೆಲ್ಲಿದರು.

ಶಾಲೆಯ ಗಾಡಿ ಬಂತು. ಎರಡು ಜಡೆಯವಳು ಇಳಿದವಳೇ, "ಇದ್ದಾರಲೇ! ಕಾಕಾ ಇದ್ದಾರ!" ಅಂತ ಒದರಿದಳು. ನಾನು ಚೀಲ ಪಡಸಾಲೆಯ ಮೂಲೆಗೆ ಇಳಿಸಿದೆ. ಹಸಿ ನೆಲ ಇದ್ದದ್ದರಿಂದ ಹೆಜ್ಜೆ ಗುರುತು ಓದುವ ಪಾಠ ಮಾಡೋಣ ಅಂದೆ. "ಯಾವ ಪ್ರಾಣಿ, ಎಲ್ಲಿಗೆ ಹೊಂಟಿತ್ತು, ಅದರ ಮನಸಿನಾಗ ಏನಿತ್ತು, ಹೆಜ್ಜಿ ನೋಡಿ ಹೇಳಬೇಕು." ಮೊಲದ್ದು ಸಿಕ್ಕಿತು, ನರಿಯದ್ದು ಸಿಕ್ಕಿತು. ಸಾಹೇಬರೂ ಕೈ ಹಿಂದೆ ಕಟ್ಟಿಕೊಂಡು ಹಿಂದಿನಿಂದ ಬರುತ್ತಿದ್ದರು. ಮಕ್ಕಳು ಮುಂದೆ ಮುಂದೆ ಓಡಿ ರಸ್ತೆಯ ಹಾದಿ ಹಿಡಿದದ್ದು ನನಗೆ ತಡವಾಗಿ ತಿಳಿಯಿತು.

"ಕಾಕಾ, ದೊಡ್ಡ ಪ್ರಾಣಿರಿ! ಎರಡು ಕಾಲಿಂದು!"

"ಅದು ಬಿಡ್ರಿ, ಇಲ್ಲಿ ಮೊಲದ್ದು ನೋಡ್ರಿ" ಅಂದೆ. ಯಾರೂ ನೋಡಲಿಲ್ಲ.

ಎರಡು ಜಡೆಯವಳು ಕುಕ್ಕರಗಾಲಿನಲ್ಲಿ ಕೂತಳು. "ಎರಡೂ ಕಾಲಿಗೆ ಲಾಳ ಅದಾವು. ಬೆನ್ನ ಮ್ಯಾಲ ವಜ್ಜಾ ಐತಿ, ಹಿಮ್ಮಡ ಆಳಕ್ಕ ಇಳದೈತಿ. ಹೆಜ್ಜಿ ಸಣ್ಣ ಸಣ್ಣವು. ಹೋಗಾಕ ಮನಸಿಲ್ಲ ಇದಕ್ಕ."

ಇನ್ನೊಬ್ಬ ಮುಂದಿನಿಂದ ಕೂಗಿದ: "ಇಲ್ಲಿ ನಿಂತೈತಿ! ಹೊಳ್ಳಿ ನೋಡೇತಿ! ಮತ್ತ ಹೋಗೇತಿ!"

"ಬರುವಾಗಿಂದು ನೋಡ್ರಿ," ಅಂದಳು ಇವಳು, "ಹೆಜ್ಜಿ ಉದ್ದುದ್ದ. ಓಡೇ ಬಂದೈತಿ. ಆ ಅವಸರದಾಗ ಒಂದು ಲಾಳ ಕಳಕೊಂಡೈತಿ. ತೊಗೊಳ್ಳಾಕೂ ನಿಂತಿಲ್ಲ."

ಒಬ್ಬ ಹುಡುಗ ರಾಡಿಯಲ್ಲಿ ಮೊಳಕೈ ತನಕ ಕೈ ಹಾಕಿ, ಹಲ್ಲು ಕಚ್ಚಿ ಜಗ್ಗಿ, ನನ್ನ ಚಪ್ಪಲಿ ಎತ್ತಿ ಹಿಡಿದ. ಇಡೀ ವರ್ಗ ನನ್ನ ಎಡಗಾಲು ನೋಡಿತು. ನಾನು ಅದನ್ನು ಬಲಗಾಲಿನ ಹಿಂದೆ ಇಟ್ಟುಕೊಂಡೆ.

ಸಾಹೇಬರು ಮುಂದೆ ಬಂದರು. "ಯವ್ವಾ, ಲಾಳ ಕಳಕೊಂಡಿದ್ದು ಹೋಗುವಾಗೋ ಬರುವಾಗೋ? ಬರೊಬ್ಬರಿ ನೋಡಿ ಹೇಳು."

"ಬರುವಾಗರಿ ಸಾಹೇಬ್ರ! ಹೋಗುವಾಗ ರಸ್ತಾದ ತನಕ ಎಡಗಾಲಿಗೂ ಲಾಳ ಮೂಡೇತಿ ನೋಡ್ರಿ."

"ಕಾಡಪ್ರಾಣಿ ಏನವಾ ಇದು?"

"ಛೀ, ಅಲ್ರಿ. ಸಾಕಿದ್ದು. ಕಾಡಪ್ರಾಣಿ ಆಗಿದ್ರ ಹೋಗೇ ಬಿಡತಿತ್ರಿ. ಇದು ನಾಷ್ಟಾದ ಹೊತ್ತಿಗೆ ಹೊಳ್ಳಿ ಬಂದೈತಿ."

ಸಾಹೇಬರು ನನ್ನ ಕಡೆ ನೋಡಲಿಲ್ಲ. ಫೋನು ತೆಗೆದು ಬಡಿಗನಿಗೆ ಹಚ್ಚಿದರು. "ಆ ಹಿಂದಿನ ಖೋಲಿಗೆ ಒಂದು ಬಾಗಲಾ ಬೇಕಪಾ. ನಾಳೆ ನಾಡದು ಅನಬ್ಯಾಡ, ಇವತ್ತ ಬಾ." ನಾನು ಬೇಡ ಅನ್ನಲಿಲ್ಲ. ಹುಡುಗನ ಕೈಯಿಂದ ಚಪ್ಪಲಿ ಇಸಿದುಕೊಂಡು ಹುಲ್ಲಿಗೆ ಒರೆಸುತ್ತ, ಮುಖ ಆ ಕಡೆ ಮಾಡಿ ನಿಂತೆ.

ಎರಡು ಜಡೆಯವಳು ಸಾಹೇಬರ ಅಂಗಿ ಜಗ್ಗಿದಳು.

"ಸಾಕಿದ ಪ್ರಾಣಿಗೆ ಬಾಗಲಾ ಯಾಕ್ರಿ ಸಾಹೇಬ್ರ? ಒಂದು ಗೂಟಾ ಬಡದ್ರ ಸಾಕಲ್ರಿ."